ಕೇಳಿ: ಜೀವ ಉಳಿಸುವ, ಮಕ್ಕಳನ್ನು ಕಾಯುವ ಕೆಲಸದ ಬಗ್ಗೆ ಹಾಸನದಲ್ಲಿ ನಮಗೆ ಪದೇ ಪದೇ ಎದುರಾಗುವ ಪ್ರಶ್ನೆಗಳು

ಈಗ, ಈ ಹೊತ್ತಿನಲ್ಲೇ ಬದುಕು ಸಾಕೆನಿಸುತ್ತಿದೆ. ಏನು ಮಾಡಲಿ?

ಉಳಿದದ್ದನ್ನು ಆಮೇಲೆ ಓದಬಹುದು. ಮೊದಲು 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಅದು ಸಿಗದಿದ್ದರೆ 1800 891 4416. ಈಗಾಗಲೇ ಏನಾದರೂ ಮಾಡಿಕೊಂಡಿದ್ದರೆ ತಡಮಾಡದೆ 108 ಅಥವಾ 112.

ಫೋನಿನಲ್ಲಿ ಮಾತನಾಡುವಷ್ಟು ತ್ರಾಣ ಇಲ್ಲವೆ? ಹಾಗಿದ್ದರೆ ಮನೆಯಲ್ಲಿ ಯಾರಿದ್ದಾರೋ ಅವರ ಹತ್ತಿರ ಹೋಗಿ ಕುಳಿತುಕೊಳ್ಳಿ. ಯಾರೂ ಇಲ್ಲದಿದ್ದರೆ ಪಕ್ಕದ ಮನೆಯ ಜಗಲಿಗೆ ಹೋಗಿ. ಕಾರಣ ಹೇಳಬೇಕಾಗಿಲ್ಲ. 'ಒಬ್ಬನೇ ಇರಲು ಭಯವಾಗುತ್ತಿದೆ, ಸ್ವಲ್ಪ ಹೊತ್ತು ಜೊತೆಯಲ್ಲಿರಿ' ಎಂದರೆ ಸಾಕು. ಈ ಸಂಕಟ ಮಳೆಗಾಲದ ಹೇಮಾವತಿಯ ಹಾಗೆ. ಏರುವಾಗ ಇನ್ನು ಇಳಿಯುವುದೇ ಇಲ್ಲ ಅನ್ನಿಸುತ್ತದೆ, ಆದರೆ ಇಳಿಯುತ್ತದೆ. ಅದು ಇಳಿಯುವವರೆಗೆ ಯಾರದಾದರೂ ಜೊತೆಯಲ್ಲಿರುವುದಷ್ಟೇ ಈ ಹೊತ್ತಿನ ಕೆಲಸ.

ನೀವು ಯಾರು?

ಹಾಸನ ಮತ್ತು ಸುತ್ತಲಿನ ತಾಲ್ಲೂಕುಗಳಲ್ಲಿ ಕೆಲಸ ಮಾಡುವ ಒಂದು ಸಣ್ಣ ಬಳಗ. ನಿವೃತ್ತ ಶಿಕ್ಷಕರು, ಒಬ್ಬರು ನರ್ಸ್, ಇಬ್ಬರು ವಕೀಲರು, ಆಶಾ ಕಾರ್ಯಕರ್ತೆಯರು, ಕಾಫಿ ಬೆಳೆಗಾರರು ಇದ್ದಾರೆ. ಶಾಲೆಗಳಿಗೆ, ಹಾಸ್ಟೆಲುಗಳಿಗೆ, ಹಾಲಿನ ಡೇರಿಯ ಸಭೆಗಳಿಗೆ, ಸ್ತ್ರೀಶಕ್ತಿ ಸಂಘಗಳಿಗೆ ಹೋಗಿ ಮಾತನಾಡುತ್ತೇವೆ. ಆಸ್ಪತ್ರೆಗೆ, ಪೊಲೀಸ್ ಠಾಣೆಗೆ, ನ್ಯಾಯಾಲಯಕ್ಕೆ ಒಬ್ಬರೇ ಹೋಗಲು ಅಂಜುವವರ ಜೊತೆ ಹೋಗುತ್ತೇವೆ. ನಾವು ವೈದ್ಯರಲ್ಲ, ಔಷಧ ಕೊಡುವುದಿಲ್ಲ. ಯಾರಿಂದಲೂ ಹಣ ಪಡೆಯುವುದಿಲ್ಲ.

ನಿಮ್ಮದೇ ಸಹಾಯವಾಣಿ ಸಂಖ್ಯೆ ಏಕಿಲ್ಲ?

ಮೊದಲು ಇತ್ತು. ಸರದಿಯ ಮೇಲೆ ಒಬ್ಬೊಬ್ಬರು ಫೋನ್ ಇಟ್ಟುಕೊಳ್ಳುತ್ತಿದ್ದೆವು. ಒಂದು ರಾತ್ರಿ ಎರಡೂವರೆ ಗಂಟೆಗೆ ಬಂದ ಕರೆಯನ್ನು ಯಾರೂ ಎತ್ತಲಿಲ್ಲ. ಆ ವಾರ ಫೋನ್ ನನ್ನ ಬಳಿಯಿತ್ತು, ನಾನು ನಿದ್ದೆ ಹೋಗಿದ್ದೆ. ಕರೆ ಮಾಡಿದವರು ಇಂದಿಗೂ ಕ್ಷೇಮವಾಗಿದ್ದಾರೆ ಎಂಬುದೇ ನನ್ನ ಸಮಾಧಾನ. ಎತ್ತುವ ಭರವಸೆ ಇಲ್ಲದ ಫೋನನ್ನು ನಂಬಿಸುವುದು ತಪ್ಪೆಂದು ಆ ವಾರವೇ ಸಂಖ್ಯೆಯನ್ನು ನಿಲ್ಲಿಸಿದೆವು. ಈಗ ಗೋಡೆಗಳ ಮೇಲೆ, ಬಸ್ ನಿಲ್ದಾಣಗಳಲ್ಲಿ, ನೋಟ್‌ಬುಕ್‌ಗಳ ಹಿಂಬದಿಯಲ್ಲಿ 14416 ಮತ್ತು ಮಕ್ಕಳ ಸಹಾಯವಾಣಿ 1098 ಎಂಬ ಎರಡು ಸಂಖ್ಯೆಗಳನ್ನೇ ಬರೆಯುತ್ತೇವೆ.

14416ಕ್ಕೆ ಕರೆ ಮಾಡಿದರೆ ಏನಾಗುತ್ತದೆ? 'ಹುಚ್ಚ' ಎಂದು ಬರೆದುಕೊಳ್ಳುತ್ತಾರೆಯೇ?

ಇಲ್ಲ. ಭಾಷೆ ಆರಿಸಿಕೊಂಡ ಮೇಲೆ ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡುತ್ತಾರೆ, ಅಗತ್ಯವಿದ್ದರೆ ಮನೋವೈದ್ಯರಿಗೆ ದಾಟಿಸುತ್ತಾರೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಈ ಸೇವೆ ಶುರುವಾಯಿತು. ಇಡೀ ದೇಶಕ್ಕೆ ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ನಿದ್ದೆ ಬಾರದಿದ್ದರೂ, ಪರೀಕ್ಷೆಯ ಭಯವಿದ್ದರೂ, ಮನೆಯವರ ಕುಡಿತದಿಂದ ಸೋತು ಹೋಗಿದ್ದರೂ ಕರೆ ಮಾಡಬಹುದು. ಸಾಯಬೇಕೆನ್ನಿಸುವವರೆಗೆ ಕಾಯಬೇಕಾಗಿಲ್ಲ. ಮನೆಯವರ ಬಗ್ಗೆ ಆತಂಕವಿರುವವರೂ ಕರೆ ಮಾಡಿ, ಏನು ಮಾಡಬೇಕೆಂದು ಕೇಳಬಹುದು.

ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದರೆ, ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುವುದಿಲ್ಲವೇ?

ಪ್ರತಿ ಸಭೆಯಲ್ಲೂ ಈ ಪ್ರಶ್ನೆ ಬರುತ್ತದೆ, ಅದೂ ಹೆಚ್ಚಾಗಿ ತಾಯಂದಿರಿಂದ. ಇಲ್ಲ, ಹಾಗಾಗುವುದಿಲ್ಲ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂಬುದು ಈ ಕ್ಷೇತ್ರದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಆ ಯೋಚನೆಯನ್ನು ಒಬ್ಬರೇ ಹೊತ್ತು ತಿರುಗುತ್ತಿದ್ದವರಿಗಂತೂ ಯಾರಾದರೂ ಕೇಳಿದ ಮೇಲೆ ಎದೆ ಹಗುರವಾಗುತ್ತದೆ.

'ಕೇಳು' ಎಂಬ ಒಂದೇ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ: ಪ್ರಶ್ನಿಸುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ನಮ್ಮ ಕೆಲಸವೆಲ್ಲ ಈ ಒಂದು ಕ್ರಿಯಾಪದದಲ್ಲಿದೆ ಎಂದು ನಾನು ನಂಬಿದ್ದೇನೆ. ಕಷ್ಟವೆಂದರೆ, ನಾವು ಮೊದಲನೆಯ ಅರ್ಥದಲ್ಲಿ ಕೇಳಿ, ಎರಡನೆಯ ಅರ್ಥದಲ್ಲಿ ಕೇಳುವ ಮೊದಲೇ ಎದ್ದುಬಿಡುತ್ತೇವೆ. 'ಏನಾಯಿತೋ?' ಎನ್ನುತ್ತೇವೆ. 'ಏನಿಲ್ಲ' ಎಂಬ ಉತ್ತರ ಬರುತ್ತದೆ. 'ಸರಿ, ಊಟ ಮಾಡು' ಎಂದು ಒಳಗೆ ಹೋಗುತ್ತೇವೆ. ಆ 'ಏನಿಲ್ಲ'ದ ನಂತರವೂ ಐದು ನಿಮಿಷ ಅಲ್ಲೇ ಕುಳಿತಿದ್ದರೆ ನಿಜವಾದ ಉತ್ತರ ಬರುತ್ತದೆ.

ಹೇಗೆ ಕೇಳಬೇಕು? ಸುತ್ತಿ ಬಳಸದೆ, ಆದರೆ ಮೆತ್ತಗೆ. 'ಇತ್ತೀಚೆಗೆ ನೀನು ಬಹಳ ಸೋತಂತೆ ಕಾಣುತ್ತೀಯ. ಇಷ್ಟು ಸಂಕಟದಲ್ಲಿರುವವರಿಗೆ ಕೆಲವೊಮ್ಮೆ ಸಾಯಬೇಕು ಅನ್ನಿಸುವುದುಂಟು. ನಿನಗೂ ಅನ್ನಿಸುತ್ತಿದೆಯೇ?' ಹೌದೆಂದರೆ ಗಾಬರಿ ತೋರಿಸಬೇಡಿ, ಅಳಬೇಡಿ, ಬೈಯಬೇಡಿ. 'ಹೇಳಿದ್ದು ಒಳ್ಳೆಯದಾಯಿತು' ಎನ್ನಿ. ಹೇಗೆ, ಯಾವಾಗ ಎಂದೆಲ್ಲ ಯೋಚಿಸಿದ್ದಾರೆಯೇ ಎಂದೂ ಕೇಳಿ. ಯೋಚಿಸಿದ್ದರೆ ಅವರನ್ನು ಒಬ್ಬರೇ ಬಿಡಬೇಡಿ. ಅವರ ಪಕ್ಕದಲ್ಲಿ ಕುಳಿತೇ 14416ಕ್ಕೆ ಕರೆ ಮಾಡಿ, ಅಥವಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಯಾವ ಮಾತುಗಳನ್ನು ಆಡಬಾರದು?

'ನಿನಗೇನು ಕಡಿಮೆಯಾಗಿದೆ?' 'ಅವರ ಮನೆ ನೋಡು, ಎಷ್ಟು ಕಷ್ಟವಿದ್ದರೂ ನಗುತ್ತಾರೆ.' 'ಹೆಂಡತಿ ಮಕ್ಕಳ ಮುಖವನ್ನಾದರೂ ನೋಡಬಾರದೇ?' ಇವನ್ನೆಲ್ಲ ಪ್ರೀತಿಯಿಂದಲೇ ಆಡುತ್ತೇವೆ. ಆದರೆ ತಾನು ಎಲ್ಲರಿಗೂ ಭಾರ ಎಂದುಕೊಂಡಿರುವ ಮನುಷ್ಯನಿಗೆ ಇವು ಇನ್ನೊಂದು ಮೂಟೆ. 'ಸಾಯುತ್ತೇನೆ ಎನ್ನುವವರು ಸಾಯುವುದಿಲ್ಲ' ಎಂಬುದಂತೂ ಅಪಾಯದ ಸುಳ್ಳು. ಹೋದವರಲ್ಲಿ ಬಹಳ ಮಂದಿ ಮೊದಲೇ ಯಾರಿಗಾದರೂ ಹೇಳಿರುತ್ತಾರೆ, ಅವರದೇ ರೀತಿಯಲ್ಲಿ: 'ಇನ್ನು ನಾನು ನಿಮಗೆ ತೊಂದರೆ ಕೊಡುವುದಿಲ್ಲ', 'ನಾನಿಲ್ಲದಿದ್ದರೆ ಎಲ್ಲ ಸರಿಹೋಗುತ್ತದೆ'.

ಪತ್ರಿಕೆಗಳಲ್ಲಿ ಬರುವ 'ಆತ್ಮಹತ್ಯೆಗೆ ಶರಣು' ಎಂಬ ಮಾತೂ ನನಗೆ ಸರಿಕಾಣುವುದಿಲ್ಲ. ಶರಣಾಗುವುದು ದೇವರಿಗೆ, ಗುರುವಿಗೆ. ಆ ಭಕ್ತಿಯ ಪದವನ್ನು ಈ ದುರಂತಕ್ಕೆ ಅಂಟಿಸಬಾರದು. ಇಂಥ ಸುದ್ದಿಯನ್ನು ವೈಭವೀಕರಿಸಬಾರದು, ವಿಧಾನವನ್ನು ವಿವರಿಸಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಫೋಟೊ ಹಂಚುವವರೂ ಇದನ್ನು ನೆನಪಿಡಬೇಕು.

ಮನೆಯವರು ಏನನ್ನು ಗಮನಿಸಬೇಕು?

ಬದಲಾವಣೆಯನ್ನು. ದಿನವೂ ಡೇರಿಗೆ ಹೋಗುತ್ತಿದ್ದವರು ಹೋಗುವುದನ್ನು ಬಿಟ್ಟರೆ, ಇಷ್ಟದ ಹಸುವನ್ನು ಅಥವಾ ಬೈಕನ್ನು ಇದ್ದಕ್ಕಿದ್ದಂತೆ ಬೇರೆಯವರಿಗೆ ಕೊಟ್ಟರೆ, ಕುಡಿತ ಹೆಚ್ಚಾದರೆ, ರಾತ್ರಿಯೆಲ್ಲ ಅಂಗಳದಲ್ಲಿ ಕುಳಿತಿದ್ದರೆ ವಿಚಾರಿಸಿ. ನಮ್ಮ ಕಡೆಯ ಗಂಡಸರು 'ದುಃಖವಾಗಿದೆ' ಎನ್ನುವುದಿಲ್ಲ. 'ಎದೆ ಹಿಡಿದಂತಿದೆ', 'ಕೈಕಾಲು ಸೋತಿದೆ', 'ಊಟ ಸೇರುತ್ತಿಲ್ಲ' ಎನ್ನುತ್ತಾರೆ. ಇಸಿಜಿ ಸರಿಯಾಗಿದ್ದರೂ ಎದೆಭಾರ ಹೋಗದಿದ್ದರೆ ಮನಸ್ಸಿನ ಕಡೆಗೂ ನೋಡಬೇಕು. ಹಲವು ವಾರ ಕಂಗೆಟ್ಟಿದ್ದವರು ಒಂದು ಬೆಳಿಗ್ಗೆ ಕಾರಣವಿಲ್ಲದೆ ತುಂಬ ಶಾಂತವಾಗಿ ಕಂಡರೆ ನಿಶ್ಚಿಂತರಾಗಬೇಡಿ, ಅವತ್ತೇ ಕೇಳಿ. ಹಿಂದೊಮ್ಮೆ ಪ್ರಯತ್ನಿಸಿದ್ದವರ ಮೇಲೆ ನಿಗಾ ಹೆಚ್ಚಿರಲಿ, ಅದರಲ್ಲೂ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳಲ್ಲಿ.

ಬೆಳೆಗೆ ಹೊಡೆಯುವ ಔಷಧಿಗೆ ಬೀಗ ಹಾಕಿ ಎಂದು ಹೋದಲ್ಲೆಲ್ಲ ಹೇಳುತ್ತೀರಿ. ಸಾಯಬೇಕೆಂದವರು ಬೇರೆ ದಾರಿ ಹುಡುಕುವುದಿಲ್ಲವೇ?

ಹೆಚ್ಚಿನವರು ಹುಡುಕುವುದಿಲ್ಲ. ಆ ತೀವ್ರ ಗಳಿಗೆ ಹಲವರಲ್ಲಿ ಕೆಲವು ನಿಮಿಷ, ಕೆಲವು ಗಂಟೆ ಮಾತ್ರ ಇರುತ್ತದೆ. ಆಗ ಕೈಗೆ ಅಪಾಯದ ವಸ್ತು ಸಿಗದೇ ಹೋದರೆ ಗಳಿಗೆ ದಾಟುತ್ತದೆ, ಜೀವ ಉಳಿಯುತ್ತದೆ. ಹೀಗೆ ಉಳಿದವರಲ್ಲಿ ಬಹುಪಾಲು ಜನ ಮುಂದೆ ಬದುಕನ್ನೇ ಆರಿಸಿಕೊಳ್ಳುತ್ತಾರೆ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರಿಂದ 2015ರ ನಡುವೆ, ಆತ್ಮಹತ್ಯೆಗಳು ಸುಮಾರು ಶೇ 70ರಷ್ಟು ಇಳಿದವು. ಅಲ್ಲಿಯ ಜನರ ಕಷ್ಟಗಳು ಆ ಇಪ್ಪತ್ತು ವರ್ಷಗಳಲ್ಲಿ ಮಾಯವಾಗಿರಲಿಲ್ಲ. ಕೈಗೆಟಕುವ ವಿಷ ಕಡಿಮೆಯಾಗಿತ್ತು, ಅಷ್ಟೇ.

ಆಲೂಗಡ್ಡೆಗೆ ಅಂಗಮಾರಿ ಬಂದರೆ ಔಷಧಿ, ಶುಂಠಿಗೆ ಔಷಧಿ, ಕಾಫಿಗೆ ಔಷಧಿ. ವಿಷವನ್ನು ನಾವು ಔಷಧಿ ಎಂದೇ ಕರೆಯುತ್ತೇವೆ, ಔಷಧಿಯ ಹಾಗೆಯೇ ಅಡುಗೆಮನೆಯ ಅಟ್ಟದಲ್ಲೋ ಮಂಚದ ಕೆಳಗೋ ಇಡುತ್ತೇವೆ. ದಯವಿಟ್ಟು ಇಡಬೇಡಿ. ಒಂದು ಸಿಂಪಡಣೆಗೆ ಎಷ್ಟು ಬೇಕೋ ಅಷ್ಟೇ ತನ್ನಿ. ಉಳಿದದ್ದು ಮನೆಯಿಂದ ದೂರ, ತೋಟದ ಮನೆಯಲ್ಲೋ ಪಂಪ್‌ಸೆಟ್ ಕೋಣೆಯಲ್ಲೋ, ಬೀಗದ ಪೆಟ್ಟಿಗೆಯಲ್ಲಿರಲಿ. ಮನೆಯಲ್ಲಿ ಯಾರಾದರೂ ಕುಗ್ಗಿದ್ದರೆ ಕೀಲಿ ಅವರಿಗೆ ಗೊತ್ತಿಲ್ಲದ ಕಡೆ ಇರಲಿ, ಅಥವಾ ಪೆಟ್ಟಿಗೆಯೇ ಕೆಲವು ತಿಂಗಳು ಅಣ್ಣನ ಮನೆಯಲ್ಲೋ ಮಾವನ ಮನೆಯಲ್ಲೋ ಇರಲಿ. ವೈದ್ಯರು ಬರೆದುಕೊಟ್ಟ ಮಾತ್ರೆಗಳೂ ಮನೆಯ ಇನ್ನೊಬ್ಬರ ಕೈಯಲ್ಲಿರಲಿ. ಇದು ಮಕ್ಕಳಿಗೂ ರಕ್ಷಣೆ. ತಂಪು ಪಾನೀಯದ ಬಾಟಲಿಗೆ ಔಷಧಿ ಸುರಿದಿಡುವ ಅಭ್ಯಾಸವನ್ನು ಇವತ್ತೇ ಬಿಡಿ.

ಯಾರಾದರೂ ಏನನ್ನಾದರೂ ಸೇವಿಸಿದ್ದಾರೆ ಎಂಬ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ನೋಡಲು ಆರಾಮವಾಗಿದ್ದರೂ ಕಾಯಬೇಡಿ. 108ಕ್ಕೆ ಕರೆ ಮಾಡಿ, ಡಬ್ಬಿಯನ್ನೋ ಅದರ ಚೀಟಿಯನ್ನೋ ಜೊತೆಗೇ ಆಸ್ಪತ್ರೆಗೆ ಕೊಂಡೊಯ್ಯಿರಿ.

ಸಾಲದವರು ಮನೆ ಬಾಗಿಲಿಗೆ ಬಂದು ಕೂರುತ್ತಾರೆ. ಇದಕ್ಕೆ ಸಮಾಲೋಚನೆ ಏನು ಮಾಡೀತು?

ಸಮಾಲೋಚನೆ ಒಂದೇ ಸಾಲದು, ಒಪ್ಪುತ್ತೇನೆ. ಬಾಡಿಗೆ ಜಮೀನಿನಲ್ಲಿ ಶುಂಠಿ ಹಾಕಿ ಬೆಲೆ ಬಿದ್ದವರಿಗೆ, ಆನೆ ನುಗ್ಗಿ ಭತ್ತ ಹೋದವರಿಗೆ ಧೈರ್ಯದ ಮಾತಿನ ಜೊತೆಗೆ ಕಾಗದ ಪತ್ರದ ಸಹಾಯವೂ ಬೇಕು. ಕಿರುಸಾಲ ವಸೂಲಿಯ ಹೆಸರಿನಲ್ಲಿ ಬೆದರಿಸುವುದು, ಹಿಂಬಾಲಿಸುವುದು, ಮನೆಗೆ ನುಗ್ಗಿ ಅವಮಾನಿಸುವುದನ್ನು ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಹೀಗೆ ಪೀಡಿಸಿದರೆ ಪೊಲೀಸರಿಗೆ ದೂರು ಕೊಡಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಹರಿಗೆ ವಕೀಲರ ನೆರವು ಉಚಿತ. ಅವರ ಸಹಾಯವಾಣಿ 15100.

ನಮ್ಮ ಬಳಗ ಮಾಡುವ ಮೊದಲ ಕೆಲಸ ಬಹಳ ಸರಳ: ಒಂದು ಹಾಳೆಯ ಮೇಲೆ ಎಲ್ಲ ಸಾಲವನ್ನೂ ಬರೆಸುತ್ತೇವೆ. ಬ್ಯಾಂಕಿನದು, ಸೊಸೈಟಿಯದು, ಸಂಘದ್ದು, ಕೈಸಾಲ, ಒಡವೆ ಅಡವಿಟ್ಟದ್ದು. ಎಷ್ಟೋ ಮನೆಗಳಲ್ಲಿ ಹೆಂಡತಿಗೆ ಗೊತ್ತಿರುವುದು ಅರ್ಧ ಸಾಲ, ಇನ್ನರ್ಧ ಗಂಡನ ಎದೆಯಲ್ಲಿರುತ್ತದೆ. ಹಾಳೆ ತುಂಬಿದ ಮೇಲೆ ಮೊತ್ತ ಕಡಿಮೆಯಾಗುವುದಿಲ್ಲ. ಆದರೆ ಅದನ್ನು ಹೊರುವವರು ಇಬ್ಬರಾಗುತ್ತಾರೆ.

ಪ್ರಯತ್ನಿಸಿ ಬದುಕುಳಿದವರ ಮೇಲೆ ಕೇಸು ಹಾಕುತ್ತಾರೆಯೇ?

ಈ ಭಯದಿಂದಲೇ ಕೆಲವರು ಆಸ್ಪತ್ರೆಗೆ ಹೋಗಲು ತಡಮಾಡುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ, ಹಾಗೆ ಮಾಡಿಕೊಂಡವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. ಹಿಂದಿನ ದಂಡ ಸಂಹಿತೆಯ 309ನೇ ಕಲಂ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವ ಪದ್ಧತಿ ಉಂಟು, ಅದಕ್ಕೆ ಹೆದರಬೇಡಿ.

ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೇ?

ಬೇಡ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ, 'ಮನೋಚೈತನ್ಯ' ಎಂಬ ಹೆಸರಿನಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಶಿಬಿರಗಳು ನಡೆಯುತ್ತವೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿಕೊಂಡು ಹೋಗಿ. ಒಂದು ಮಾತು ಮಾತ್ರ ನೆನಪಿರಲಿ: ಖಿನ್ನತೆಯ ಮಾತ್ರೆಗಳು ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ. ನಾಲ್ಕು ದಿನ ತಿಂದು 'ಏನೂ ಆಗಲಿಲ್ಲ' ಎಂದು ನಿಲ್ಲಿಸಬೇಡಿ.

ಗಾಳಿ ಮೆಟ್ಟಿದೆ, ದೇವರ ಮುಂದೆ ಕೂರಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ ಮನೆಯ ಹಿರಿಯರು.

ನಾನು ದೇವರನ್ನು ನಂಬುವವಳು. ಹರಕೆ ಹೊರಬೇಡಿ ಎಂದು ಯಾರಿಗೂ ಹೇಳಿಲ್ಲ. ಹಿರಿಯರ ಜೊತೆ ಜಗಳಕ್ಕೆ ನಿಂತರೆ ಕಾಯಿಲೆಯವರು ಇಬ್ಬರ ನಡುವೆ ಸಿಕ್ಕಿಕೊಳ್ಳುತ್ತಾರೆ. ದೇವಸ್ಥಾನಕ್ಕೂ ಹೋಗಿ, ಆಸ್ಪತ್ರೆಗೂ ಹೋಗಿ, ಆದರೆ ಆಸ್ಪತ್ರೆಯನ್ನು ಮುಂದಕ್ಕೆ ಹಾಕಬೇಡಿ. ಹೊಡೆಯುವುದು, ಕಟ್ಟಿಹಾಕುವುದು, ಉಪವಾಸ ಕೆಡವುವುದು ಯಾವ ದೇವರಿಗೂ ಸಲ್ಲುವ ಸೇವೆಯಲ್ಲ. ಅದನ್ನು ಕಂಡರೆ 112ಕ್ಕೆ ತಿಳಿಸಿ.

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನ ಮಗನನ್ನು ಹೇಗೆ ನೋಡಿಕೊಳ್ಳಲಿ?

2019ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂದಾಗ ಎಲ್ಲರ ಹಾಗೆ ನಾನೂ ಹೆಮ್ಮೆಪಟ್ಟೆ. ಆ ಹೆಮ್ಮೆಯ ಭಾರವನ್ನು ಈಗ ಹದಿನೈದು ವರ್ಷದ ಮಕ್ಕಳು ಹೊರುತ್ತಿರುವುದನ್ನೂ ನೋಡುತ್ತಿದ್ದೇನೆ. ಫಲಿತಾಂಶಕ್ಕೆ ಒಂದು ವಾರ ಮೊದಲೇ, ಬಾಯಿ ಬಿಟ್ಟು ಹೇಳಿ: 'ಎಷ್ಟೇ ಬರಲಿ, ಅವತ್ತು ರಾತ್ರಿ ಎಲ್ಲರೂ ಒಟ್ಟಿಗೆ ಕುಳಿತು ಊಟ ಮಾಡುತ್ತೇವೆ.' ಅವತ್ತು ಮನೆಯಲ್ಲೇ ಇರಿ. ಮೊಬೈಲಿನಲ್ಲಿ ನೋಡುವಾಗ ಜೊತೆಯಲ್ಲಿರಿ. ನೆಂಟರ ಫೋನುಗಳಿಗೆ ನೀವೇ ಉತ್ತರಿಸಿ. ಅನುತ್ತೀರ್ಣರಾದವರಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ, ಅದನ್ನು ಮೊದಲೇ ತಿಳಿಸಿಡಿ. ತೊಂಬತ್ತೈದು ನಿರೀಕ್ಷಿಸಿ ಎಂಬತ್ತೆಂಟು ಬಂದ ಮಗುವಿನ ಬಗ್ಗೆ ಯಾರೂ ಯೋಚಿಸುವುದಿಲ್ಲ, ಅವರನ್ನೂ ನೋಡಿ.

ಆತ್ಮಹತ್ಯೆ ತಡೆಯುವ ಬಳಗಕ್ಕೆ ಮಕ್ಕಳ ರಕ್ಷಣೆಯ ಕೆಲಸ ಏಕೆ?

ಎರಡನ್ನೂ ಬೇರೆ ಮಾಡಲು ನಮ್ಮಿಂದ ಆಗಲಿಲ್ಲ. ನಲವತ್ತು ವರ್ಷದ ಹೆಂಗಸೊಬ್ಬರ ಜೊತೆ ಅವರ ಸಂಕಟದ ಬಗ್ಗೆ ಮಾತನಾಡುತ್ತ ಹೋದರೆ ಒಂಬತ್ತನೇ ವಯಸ್ಸಿನಲ್ಲಿ ನೆಂಟನೊಬ್ಬ ಮಾಡಿದ್ದು ಹೊರಬರುತ್ತದೆ. ಅವರು ಅಂದೇ ಅಮ್ಮನಿಗೆ ಹೇಳಿದ್ದರು. ಅಮ್ಮ 'ಸುಮ್ಮನಿರು' ಎಂದಿದ್ದರು. ಊರು, ವಯಸ್ಸು ಬದಲಾಗುತ್ತದೆ, ಇದೇ ಕತೆಯನ್ನು ಮತ್ತೆ ಮತ್ತೆ ಕೇಳಿದ್ದೇವೆ. ಬಾಲ್ಯದಲ್ಲಿ ಹಿಂಸೆ, ಲೈಂಗಿಕ ದೌರ್ಜನ್ಯ ಅನುಭವಿಸಿದವರಿಗೆ ಮುಂದೆ ಸಾಯುವ ಯೋಚನೆ ಬರುವ ಅಪಾಯ ಹೆಚ್ಚು. 'ಸುಮ್ಮನಿರು' ಎಂಬ ಆ ಮಾತನ್ನು ತಪ್ಪಿಸಿದರೆ ಮೂವತ್ತು ವರ್ಷದ ನಂತರದ ಒಂದು ಜೀವವನ್ನೂ ಕಾದಂತೆ.

ನನ್ನ ಮಗು ಇಂಥದ್ದೇನೋ ಹೇಳಿತು. ಮೊದಲು ಏನು ಮಾಡಬೇಕು?

ನಂಬಿ. 'ನೀನು ಹೇಳಿದ್ದು ಸರಿ. ತಪ್ಪು ನಿನ್ನದಲ್ಲ. ನಾನು ನಿನ್ನ ಜೊತೆಗಿದ್ದೇನೆ.' ಈ ಮೂರು ಮಾತು ಮೊದಲು. 'ನೀನೇಕೆ ಅಲ್ಲಿಗೆ ಹೋದೆ?', 'ಆಗಲೇ ಏಕೆ ಹೇಳಲಿಲ್ಲ?' ಎಂಬ ಪ್ರಶ್ನೆಗಳು ಬೇಡವೇ ಬೇಡ. ವಿವರಗಳಿಗಾಗಿ ಮತ್ತೆ ಮತ್ತೆ ಕೆದಕಬೇಡಿ, ಅತ್ತೆ, ಚಿಕ್ಕಮ್ಮ, ನೆರೆಯವರ ಮುಂದೆಲ್ಲ ಹೇಳಿಸಬೇಡಿ. ಮಗು ಬಳಸಿದ ಪದಗಳನ್ನೇ ಬರೆದಿಟ್ಟುಕೊಳ್ಳಿ. ಈಚೆಗೆ ನಡೆದಿದ್ದರೆ ಬಟ್ಟೆ ಒಗೆಯಬೇಡಿ, ಸ್ನಾನ ಮಾಡಿಸುವ ಮೊದಲೇ ಆಸ್ಪತ್ರೆಗೆ ಹೋಗಿ. ಚಿಕಿತ್ಸೆ ಉಚಿತ. ಸರ್ಕಾರಿ ಇರಲಿ, ಖಾಸಗಿ ಇರಲಿ, ತಕ್ಷಣ ಕೊಡಲೇಬೇಕು.

ನಂತರ 1098. ಮಕ್ಕಳ ಸಹಾಯವಾಣಿ 1996ರಲ್ಲಿ ಮುಂಬೈಯಲ್ಲಿ ಹುಟ್ಟಿದ್ದು. ಇಂದು ಇಡೀ ದೇಶಕ್ಕೆ ಒಂದೇ ಸಂಖ್ಯೆ, ಮಗುವೇ ಕರೆ ಮಾಡಬಹುದು. ಅಲ್ಲಿಂದ ವಿಷಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ, ಮಕ್ಕಳ ಕಲ್ಯಾಣ ಸಮಿತಿಗೆ ತಲುಪುತ್ತದೆ.

ತೀರಾ ಚಿಕ್ಕ ಮಕ್ಕಳು ಮಾತಿನಲ್ಲಿ ಹೇಳುವುದಿಲ್ಲ. ಮತ್ತೆ ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಒಬ್ಬರೇ ಒಬ್ಬರನ್ನು ಕಂಡರೆ ಮುದುಡುವುದು, ಹಾಸ್ಟೆಲಿಗೆ ಹೊರಡುವ ದಿನವೇ ಹೊಟ್ಟೆನೋವು ಬರುವುದು ಅವರ ಭಾಷೆ. ಗಂಡುಮಕ್ಕಳಿಗೂ ಹೀಗಾಗುತ್ತದೆ. ಅವರು ಹೇಳುವುದು ಇನ್ನೂ ಕಡಿಮೆ.

ಠಾಣೆಗೆ ಹೋದರೆ ಮನೆಯ ಮಾನ ಹೋಗುತ್ತದೆ. ಊರಿನ ಹಿರಿಯರೇ ಕೂತು ತೀರ್ಮಾನ ಮಾಡಿದರೆ ಆಗದೇ?

ಆಗದು. ಹದಿನೆಂಟು ತುಂಬದ ಮಗುವಿನ ಮೇಲಿನ ಲೈಂಗಿಕ ಅಪರಾಧದಲ್ಲಿ ರಾಜಿಗೆ ಕಾನೂನಿನಲ್ಲಿ ಜಾಗವಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ಗೊತ್ತಾದ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 21ನೇ ಕಲಂ ಅಡಿ ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ.

ಮಾನದ ಮಾತು ಬಂತು. ಮಗುವನ್ನು ಠಾಣೆಗೆ ಎಳೆದೊಯ್ಯಬೇಕಿಲ್ಲ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಮಟ್ಟದ ಅಧಿಕಾರಿ, ಸಮವಸ್ತ್ರವಿಲ್ಲದೆ ಬಂದು ಬರೆದುಕೊಳ್ಳಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸುವಂತಿಲ್ಲ. ಹೆಣ್ಣುಮಗುವಿನ ಪರೀಕ್ಷೆಯನ್ನು ವೈದ್ಯೆಯೇ ಮಾಡಬೇಕು. ಸಾಕ್ಷಿ ಹೇಳುವಾಗ ಆರೋಪಿ ಎದುರಿಗೆ ಬಾರದಂತೆ ನೋಡಿಕೊಳ್ಳಬೇಕು. ಮಗುವಿನ ಹೆಸರು, ಶಾಲೆ, ಮನೆ, ಯಾವುದನ್ನೂ ಪ್ರಕಟಿಸುವಂತಿಲ್ಲ. ಇಷ್ಟೂ ಕಾಗದದ ಮೇಲಿದೆ. ನಡೆಯುವಾಗ ಎಲ್ಲವೂ ಹೀಗೆಯೇ ನಡೆಯುತ್ತದೆಂದು ನಾನು ಹೇಳಲಾರೆ. ಒಮ್ಮೆ ಒಬ್ಬ ತಾಯಿ ಮಗುವಿನೊಂದಿಗೆ ಬೆಂಚಿನ ಮೇಲೆ ಸಂಜೆಯವರೆಗೆ ಕಾದದ್ದನ್ನು ನೋಡಿದ್ದೇನೆ. ಅದಕ್ಕಾಗಿಯೇ ನಮ್ಮವರೊಬ್ಬರು ಜೊತೆಗೆ ಹೋಗುತ್ತೇವೆ, ಕಾಯ್ದೆಯ ಕನ್ನಡ ಪ್ರತಿ ಕೈಯಲ್ಲಿರುತ್ತದೆ.

ನಾವು ಹೇಳಿದ್ದನ್ನು ಗುಟ್ಟಾಗಿ ಇಡುತ್ತೀರಾ?

ಎರಡು ಸಂದರ್ಭ ಬಿಟ್ಟು, ಹೌದು. ಜೀವಕ್ಕೆ ತಕ್ಷಣದ ಅಪಾಯವಿದ್ದರೆ ನಿಮ್ಮ ಮನೆಯವರಿಗೋ ಆಸ್ಪತ್ರೆಗೋ ತಿಳಿಸುತ್ತೇವೆ. ಮಗುವಿನ ಮೇಲೆ ದೌರ್ಜನ್ಯವಾಗಿದ್ದರೆ ಕಾನೂನಿನಂತೆ ತಿಳಿಸಲೇಬೇಕು. ಇದನ್ನು ಮಾತಿನ ಆರಂಭದಲ್ಲೇ ಹೇಳಿಬಿಡುತ್ತೇವೆ, ಮಕ್ಕಳಿಗೂ ಸಹ. 'ಯಾರಿಗೂ ಹೇಳುವುದಿಲ್ಲ' ಎಂದು ಮಗುವಿಗೆ ಆಣೆ ಮಾಡಿ ಆಮೇಲೆ ಹೇಳಿದರೆ ಅದು ಇನ್ನೊಬ್ಬ ದೊಡ್ಡವರನ್ನು ಮುಂದೆಂದೂ ನಂಬುವುದಿಲ್ಲ.

ಕಾಫಿ ತೋಟದ ಲೈನ್ ಮನೆಗಳ ಮಕ್ಕಳಿಗೆ ಏನು ಮಾಡುತ್ತೀರಿ?

ಸಕಲೇಶಪುರ, ಬೇಲೂರು, ಆಲೂರು ಕಡೆ ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆಯೇ ತೋಟಕ್ಕೆ ಇಳಿಯುತ್ತಾರೆ. ಅಸ್ಸಾಂನಿಂದ, ಜಾರ್ಖಂಡ್‌ನಿಂದ ಬಂದ ಕುಟುಂಬಗಳ ಮಕ್ಕಳಿಗೆ ಭಾಷೆಯೂ ತಿಳಿಯದು, ಶಾಲೆಯೂ ಇಲ್ಲ. ಲೈನಿನಲ್ಲಿ ದಿನವಿಡೀ ಅವರಷ್ಟಕ್ಕೆ ಅವರೇ. ದೊಡ್ಡ ತೋಟಗಳಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂಬುದು 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದ ಬಂದ ನಿಯಮ, ಸಣ್ಣ ತೋಟಗಳಿಗೆ ಅದು ಅನ್ವಯಿಸದು. ಮಾಲೀಕರಲ್ಲಿ ನಮ್ಮ ಕೋರಿಕೆ ದೊಡ್ಡದೇನಲ್ಲ. ಕೊಯ್ಲಿನ ಅಷ್ಟೂ ದಿನ ನಂಬಿಕಸ್ಥ ಹೆಂಗಸೊಬ್ಬರಿಗೆ ಕೂಲಿ ಕೊಟ್ಟು ಮಕ್ಕಳನ್ನು ನೋಡಿಕೊಳ್ಳಲು ಬಿಡಿ. ಕಣ್ಣಿಗೆ ಬೀಳುವ ಕಡೆ 1098 ಬರೆಸಿ. ಹತ್ತಿರದ ಅಂಗನವಾಡಿಗೂ ಶಾಲೆಗೂ ಮಕ್ಕಳ ಲೆಕ್ಕ ಕೊಡಿ. ಹದಿನಾಲ್ಕು ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ ಎಂಬುದು ಅವರಿಗೆ ಗೊತ್ತಿದೆ, ಆದರೂ ಹೇಳುತ್ತೇವೆ.

ಮಗಳ ಫೋಟೊ ಇಟ್ಟುಕೊಂಡು ಯಾರೋ ಬೆದರಿಸುತ್ತಿದ್ದಾರೆ.

ಅವಳ ಮೊಬೈಲ್ ಒಡೆಯಬೇಡಿ, ಸಂದೇಶ ಅಳಿಸಬೇಡಿ, ಅವು ಸಾಕ್ಷ್ಯ. ಹಣ ಕೊಡಬೇಡಿ, ಕೊಟ್ಟಷ್ಟೂ ಕೇಳುತ್ತಾರೆ. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ಅಥವಾ ಠಾಣೆಯಲ್ಲಿ ದೂರು ಕೊಡಿ, ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯೂ ಇದೆ. ಹದಿನೆಂಟಕ್ಕಿಂತ ಕಡಿಮೆ ವಯಸ್ಸಿನಲ್ಲಿ ತೆಗೆದ ಇಂಥ ಚಿತ್ರ ಸೇವೆಗೆ ಸೇರಿರುವ ಜಾಲತಾಣಗಳಲ್ಲಿ ಹರಡದಂತೆ ತಡೆಯಲು ಅದು ನೆರವಾಗುತ್ತದೆ. ಚಿತ್ರವನ್ನು ಯಾರಿಗೂ ಕಳುಹಿಸಬೇಕಾಗಿಲ್ಲ. ಎಲ್ಲಕ್ಕಿಂತ ಮುಖ್ಯ, ಆ ರಾತ್ರಿ ಅವಳನ್ನು ಒಬ್ಬಳೇ ಮಲಗಲು ಬಿಡಬೇಡಿ. ಇಂಥ ಬೆದರಿಕೆಯಲ್ಲಿ ಮಕ್ಕಳು ಹೆದರುವುದು ಆ ದುರುಳನಿಗಿಂತ ಹೆಚ್ಚಾಗಿ ಅಪ್ಪನಿಗೆ.

ಪಕ್ಕದ ಊರಿನಲ್ಲಿ ಹದಿನಾರರ ಹುಡುಗಿಗೆ ಮದುವೆ ಗೊತ್ತಾಗಿದೆ.

1098ಕ್ಕೆ ಇವತ್ತೇ ತಿಳಿಸಿ. ನಿಮ್ಮ ಹೆಸರು ಹೇಳಲೇಬೇಕೆಂದಿಲ್ಲ. ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮದುವೆ ನಿಂತ ಮೇಲೆ ಆ ಹುಡುಗಿಯ ಮೇಲೆ ಮನೆಯವರ ಸಿಟ್ಟು ತಿರುಗುತ್ತದೆ. ಅವಳು ಮತ್ತೆ ಶಾಲೆಗೆ ಹೋಗುತ್ತಿದ್ದಾಳೆಯೇ ಎಂದು ಆರು ತಿಂಗಳಾದರೂ ವಿಚಾರಿಸುತ್ತಿರಬೇಕು.

ಸ್ವಯಂಸೇವಕರಾಗಬಹುದೇ?

ಬನ್ನಿ. ಪದವಿ ಬೇಡ. ಮಕ್ಕಳ ಜೊತೆ ಕೆಲಸ ಮಾಡುವವರ ಪೊಲೀಸ್ ಪರಿಶೀಲನೆ ಕಡ್ಡಾಯ, ಎಷ್ಟೇ ಪರಿಚಿತರಾದರೂ. ಮನೆಯಲ್ಲಿ ಇಂಥ ಸಾವು ಕಂಡವರು ಒಂದು ವರ್ಷ ಕಳೆದ ಮೇಲೆ ಬರಲಿ ಎನ್ನುತ್ತೇವೆ. ಅವರ ಗಾಯಕ್ಕೂ ಸಮಯ ಬೇಕು.

ನಮ್ಮ ಮನೆಯಲ್ಲೇ ಹಾಗಾಯಿತು. ಉಳಿಸಿಕೊಳ್ಳಲು ಆಗಲಿಲ್ಲ.

ಈ ಪುಟದಲ್ಲಿ ಇಷ್ಟು ಹೊತ್ತು ಬರೆದ ಲಕ್ಷಣಗಳನ್ನು ಓದುತ್ತ 'ಇದು ನನಗೆ ಕಾಣಲಿಲ್ಲವಲ್ಲ' ಎಂದು ನೀವು ನಿಮ್ಮನ್ನೇ ಹಳಿದುಕೊಂಡಿರಬಹುದು. ಮುಗಿದ ಮೇಲೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ಆ ದಿನ ನಿಮ್ಮ ಮುಂದೆ ಇದ್ದದ್ದು ಎಂದಿನ ಮುಖ, ಎಂದಿನ ಮಾತು. ಯಾವ ಒಂದು ಜಗಳದಿಂದಲೂ, ಯಾವ ಒಬ್ಬರಿಂದಲೂ ಹೀಗಾಗುವುದಿಲ್ಲ. ಹಲವು ನೋವುಗಳು ಒಂದೆಡೆ ಕೂಡಿದಾಗ ಆಗುತ್ತದೆ. 2022ರಲ್ಲಿ ಕರ್ನಾಟಕವೊಂದರಲ್ಲೇ 13,606 ಮನೆಗಳಲ್ಲಿ ಇದು ನಡೆಯಿತು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ. ಅಷ್ಟು ಮನೆಗಳಲ್ಲಿ ಉಳಿದವರೆಲ್ಲ ಅದೇ ಪ್ರಶ್ನೆಯನ್ನು ಹೊತ್ತಿದ್ದಾರೆ. 14416 ನಿಮಗಾಗಿಯೂ ಇದೆ.

ಮಕ್ಕಳಿಗೆ ಸುಳ್ಳು ಹೇಳಬೇಡಿ. 'ಅಪ್ಪ ಊರಿಗೆ ಹೋಗಿದ್ದಾರೆ' ಎಂದರೆ ಶಾಲೆಯಲ್ಲಿ ಬೇರೆ ಯಾರೋ ನಿಜ ಹೇಳಿಬಿಡುತ್ತಾರೆ. 'ಅಪ್ಪನ ಮನಸ್ಸಿಗೆ ತುಂಬ ಕಾಯಿಲೆಯಾಗಿತ್ತು, ಅದರಿಂದ ತೀರಿಹೋದರು, ನಿನ್ನಿಂದಲ್ಲ' ಎಂದು ವಯಸ್ಸಿಗೆ ತಕ್ಕ ಹಾಗೆ ಹೇಳಿ. ಅವರು ಮತ್ತೆ ಮತ್ತೆ ಕೇಳುತ್ತಾರೆ, ಮತ್ತೆ ಮತ್ತೆ ಹೇಳಿ.

ನೆರೆಯವರಿಗೆ ಒಂದು ಮಾತು. ತಿಥಿಯವರೆಗೆ ಮನೆ ತುಂಬ ಜನರಿರುತ್ತಾರೆ. ಶಾಮಿಯಾನ ಬಿಚ್ಚಿದ ಮರುದಿನದಿಂದ ಯಾರೂ ಇರುವುದಿಲ್ಲ. ಸಾವು ಹೀಗಾದ ಮನೆಗಂತೂ ಜನ ಮಾತನಾಡಿಸಲೂ ಅಂಜುತ್ತಾರೆ. ನಾವು ಹೋಗುವುದು ಆಗ. ತಿಥಿ ಮುಗಿದ ವಾರ ಒಂದು ಡಬ್ಬಿ ಸಾರು, ಸ್ವಲ್ಪ ಅನ್ನ ಹಿಡಿದುಕೊಂಡು ಹೋಗುತ್ತೇವೆ, ಹೋದವರ ಹೆಸರು ಹಿಡಿದೇ ಅವರ ಬಗ್ಗೆ ಕೇಳುತ್ತೇವೆ. ಅವರಿಗೆ ಯಾವ ಹಾಡು ಇಷ್ಟವಿತ್ತು, ಕರುವಿಗೆ ಆ ಹೆಸರು ಇಟ್ಟವರು ಯಾರು ಎಂದು. ಎಷ್ಟೋ ಬಾರಿ ಆ ಮನೆಯವರು ಅವರ ಹೆಸರನ್ನು ಬಾಯಿಬಿಟ್ಟು ಹೇಳುವುದು ಅವತ್ತೇ ಮೊದಲು.